ನನ್ನ ಖುಷಿಗೆ ಮಾತ್ರೆ ಬೇಡ

ನಿನ್ನೆ ದೊಡ್ಡಮ್ಮನ ಮಗನ ಮನೆ ಗೃಹಪ್ರವೇಶ. ರಾತ್ರಿ ಬಂದು ಮಲಗಿದರೂ ನಿದ್ದೆ ಹತ್ತಲಿಲ್ಲ, ಬೆಳಗಾದರೂ ಹೊಟ್ಟೆಯೊಳಗಿನ ಉರಿ ಆರಿಲ್ಲ. ಅದಕ್ಕೇ ಬರೀತಿದ್ದೀನಿ.

ಹೋಮದ ಹೊಗೆ, ಓಲಗ, ಒಂದೇ ಹಾಲ್‌ನಲ್ಲಿ ಎಂಬತ್ತು ಜನ. ನನಗೆ ಆಟಿಸಂ ಇದೆ, ಅಂದ್ರೆ ಹುಟ್ಟಿನಿಂದಲೇ ಮಿದುಳು ಬೇರೆ ಥರ ಕೆಲಸ ಮಾಡುತ್ತೆ; ಗದ್ದಲ, ಜನ ಜಾಸ್ತಿಯಾದರೆ ತಡೆಯೋಕಾಗಲ್ಲ. ಅರ್ಧ ಗಂಟೆಯೊಳಗೆ ಕಿವಿಗೆ ಹತ್ತಿ ಇಟ್ಟುಕೊಂಡು ಒಳಗಿನ ಕೋಣೆ ಸೇರಿದೆ. ಅಲ್ಲಿ ತಾಂಬೂಲದ ಚೀಲ ತುಂಬೋ ಕೆಲಸ ಹಾಗೇ ಬಿದ್ದಿತ್ತು. ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮದ ಪೊಟ್ಟಣ, ರವಿಕೆ ಕಣ. ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಟ್ಟೆಲ್ಲ ಒಂದೇ ಕಡೆ ಬರೋ ಹಾಗೆ ಜೋಡಿಸಿದೆ. ಕಣಗಳನ್ನು ತಿಳಿ ಹಳದಿಯಿಂದ ಶುರುಮಾಡಿ ಕಡುಗೆಂಪಿನವರೆಗೆ ಸಾಲಾಗಿ ಇಟ್ಟೆ. 120 ಚೀಲ. ಇಡೀ ದಿನದಲ್ಲಿ ಉಸಿರು ಸಲೀಸಾಗಿ ಆಡಿದ್ದು ಆ ಒಂದೂವರೆ ಗಂಟೆ ಮಾತ್ರ.

ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ಅಮ್ಮನಿಗೆ ಹೇಳಿದ್ದು ಹತ್ತಿಯೊಳಗಿಂದಲೂ ಕೇಳಿಸ್ತು: "ಇನ್ನೂ ಹಿಂಗೇ ಇದಾಳಲ್ಲ, ಯಾರಿಗಾದ್ರೂ ತೋರಿಸಬಾರದಾ?"

ಮಧ್ಯಾಹ್ನ ಅಡುಗೆಯವರು ಹೊರಟ ಮೇಲೆ ಹಿತ್ತಲಿನ ಗ್ಯಾಸ್ ಸಿಲಿಂಡರ್ ನೋಡೋಕೆ ಹೋದೆ. ರೆಗ್ಯುಲೇಟರ್ ಆಫ್ ಆಗಿತ್ತು. ಬಂದೆ. ಮತ್ತೆ ಹೋದೆ. ಒಂಬತ್ತು ಸಲ. ಅಂಗೈ ಬೆವೆತು ಜಾರ್ತಿತ್ತು. ಹೊಸ ಮನೆ ಹೊತ್ತಿ ಉರಿದ ಹಾಗೆ, ಒಳಗೆ ಮಕ್ಕಳು ಕೂಗಿದ ಹಾಗೆ ಕಣ್ಣಿಗೆ ಕಟ್ತಿತ್ತು. ಆಫ್ ಆಗಿದೆ ಅಂತ ಗೊತ್ತಿದ್ದೂ ಕಾಲು ಕೇಳ್ತಿರಲಿಲ್ಲ. ಅದನ್ನು ನೋಡಿದ ಅದೇ ಹಿರಿಯರು, "ಎಷ್ಟು ಜವಾಬ್ದಾರಿ ನೋಡಿ ಈ ಹುಡುಗಿಗೆ!" ಅಂದ್ರು.

ನಾನು ನೆಮ್ಮದಿಯಾಗಿ ಕೂತಿದ್ದಾಗ ಡಾಕ್ಟರಿಗೆ ತೋರಿಸಬೇಕು. ನರಳ್ತಾ ಓಡಾಡಿದಾಗ ಬೆನ್ನು ತಟ್ಟಬೇಕು. ಇಪ್ಪತ್ತು ವರ್ಷದಿಂದ ಇದೇ ಆಗ್ತಿದೆ. ನನ್ನ ಸ್ವಭಾವವನ್ನು ಕಾಯಿಲೆ ಅಂತಾರೆ, ಕಾಯಿಲೆಯನ್ನು ಸ್ವಭಾವ ಅಂತಾರೆ.

2016ರಲ್ಲಿ ಡಾಕ್ಟರು ನನ್ನ ಫೈಲಿನಲ್ಲಿ ರೋಗನಿರ್ಣಯದ ಮೂರು ಸಂಖ್ಯೆ ಬರೆದರು. ಎಫ್ 84.5, ಆಸ್ಪರ್ಜರ್ಸ್, ಅಂದ್ರೆ ಆಟಿಸಂನ ಒಂದು ಬಗೆ. ಎಫ್ 42, ಓಸಿಡಿ, ಅಂದ್ರೆ ಬೇಡದ ಭಯ ಬಂದು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಕಾಯಿಲೆ. ಎಫ್ 33, ಮತ್ತೆ ಮತ್ತೆ ಮರುಕಳಿಸೋ ಖಿನ್ನತೆ. ಆಗ ನನಗೆ 31. ಅದಕ್ಕೂ ಮುಂಚೆ ಹನ್ನೆರಡು ವರ್ಷ ಬರೀ ಖಿನ್ನತೆ ಅಂತ ಮಾತ್ರೆ ನುಂಗಿದ್ದೆ. ಹುಡುಗಿಯರಲ್ಲಿ ಆಟಿಸಂ ತಡವಾಗಿ ಗೊತ್ತಾಗೋದು ಹೊಸದೇನಲ್ಲ. 1944ರಲ್ಲಿ ವಿಯೆನ್ನಾದ ಮಕ್ಕಳ ಡಾಕ್ಟರ್ ಹಾನ್ಸ್ ಆಸ್ಪರ್ಜರ್ ತನ್ನ ಪ್ರಬಂಧದಲ್ಲಿ ವಿವರಿಸಿದ ನಾಲ್ಕು ಮಕ್ಕಳೂ ಗಂಡುಹುಡುಗರು. ನಾವು ಕ್ಲಾಸಿನ ಬೇರೆ ಹುಡುಗಿಯರನ್ನು ನೋಡಿಕೊಂಡು, ನಗೋದು, ತಲೆಯಾಡಿಸೋದು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ್ವಿ. ಆ ಬಾಯಿಪಾಠಕ್ಕೆ ತೆತ್ತ ಬೆಲೆಯೇ ನನ್ನ ಖಿನ್ನತೆಯ ಅರ್ಧ ಭಾಗ ಅಂತ ಈಗ ಅನಿಸುತ್ತೆ.

ಹೆಸರು ಸಿಕ್ಕ ಮೇಲೆ ಎಲ್ಲ ಸರಿಹೋಗುತ್ತೆ ಅಂದುಕೊಂಡಿದ್ದೆ. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಗ್ಯಾಸ್ ನೋಡೋದರ ಬಗ್ಗೆ ಹೇಳಿದೆ. ಫೈಲ್ ತಿರುವಿ, "ಆಟಿಸಂ ಇದ್ದವರಿಗೆ ಇದೆಲ್ಲ ಇರುತ್ತಮ್ಮ" ಅಂತ ಮುಚ್ಚಿಟ್ಟರು. ಇರಲ್ಲ ಡಾಕ್ಟ್ರೇ! ಎಲೆ ಜೋಡಿಸೋದು ನನಗೆ ಬೇಕು, ಬಿಡಿಸಿದರೆ ಅಳು ಬರುತ್ತೆ. ಗ್ಯಾಸ್ ನೋಡೋದು ನನಗೆ ಬೇಡ, ಬಿಡೋಕಾಗದೆ ಅಳು ಬರುತ್ತೆ. ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣಬಹುದು. ಒಳಗಿರೋಳು ನಾನಲ್ವಾ, ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಇದಕ್ಕಿಂತ ಕೆಟ್ಟದ್ದು 2023ರಲ್ಲಿ ಆಯ್ತು. ಯಾರಿಗೂ ಪೂರ್ತಿ ಹೇಳಿಲ್ಲ, ಇವತ್ತು ಹೇಳ್ತೀನಿ. ನನಗೆ ಶಾಸನಗಳ ಹುಚ್ಚು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರೋ ವೀರಗಲ್ಲು, ಸುಮಾರು ಕ್ರಿ.ಶ. 890ರದ್ದು, 'ಬೆಂಗಳೂರ ಕಾಳಗ' ಅಂತ ಅದರಲ್ಲಿ ಬರೆದಿದೆ. ಅದರ ಬಗ್ಗೆ ಊಟಕ್ಕೆ ಕೂತಾಗ, ಬಸ್ಸಿನಲ್ಲಿ, ಯಾರು ಸಿಕ್ಕರೂ ಮಾತಾಡ್ತಿದ್ದೆ. ಆ ವರ್ಷ ಆಷಾಢದ ಹೊತ್ತಿಗೆ ನಿಂತುಹೋಯ್ತು. ನೋಟ್‌ಬುಕ್ ತೆಗೆಯಲಿಲ್ಲ. ಅಕ್ಷರ ನೋಡಿದರೆ ಏನೂ ಅನ್ನಿಸ್ತಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತು, ಕೇಳಿದ್ದಕ್ಕೆ ಹೂಂ ಅಂದು, ಬಂದವರಿಗೆ ಕಾಫಿ ಕೊಡ್ತಿದ್ದೆ.

ಎಲ್ಲರಿಗೂ ಸಂತೋಷ! "ಈಗ ಎಷ್ಟೋ ಸುಧಾರಿಸಿದಾಳೆ" ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿದವರಿದ್ದಾರೆ. ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ನಾನು ಬದುಕಿರಬೇಕಾ ಅಂತ ಯೋಚಿಸದ ದಿನ ಇರಲಿಲ್ಲ. ನನ್ನ ಮುಖದಲ್ಲಿ ಏನೂ ಕಾಣಲ್ಲ, "ಹೇಗಿದೀಯ" ಅಂದ್ರೆ ಉತ್ತರ ನನಗೇ ಗೊತ್ತಿರಲ್ಲ. "ಹೊಟ್ಟೆಯಲ್ಲಿ ಕಲ್ಲಿದೆ" ಅಂದೆ, ಆ್ಯಸಿಡಿಟಿ ಮಾತ್ರೆ ಸಿಕ್ತು. ಕೊನೆಗೆ ಗೊತ್ತಾಗಿದ್ದು ಅಮ್ಮನಿಗೆ. ಒಂದು ರಾತ್ರಿ ಬಂದು ಪಕ್ಕದಲ್ಲಿ ಕೂತು, "ಯಾಕೋ ಶಾಸನದ ಕಲ್ಲಿನ ಸುದ್ದಿಯೇ ಹೇಳ್ತಿಲ್ವಲ್ಲೇ ನೀನು" ಅಂದಳು. ನನಗೆ ಫೋನ್ ಅಂದ್ರೆ ಭಯ. ಅವಳೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಡಯಲ್ ಮಾಡಿ ಕೈಗೆ ಕೊಟ್ಟಳು.

2014ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನ ಇದೆ. ದೊಡ್ಡವರಾದ ಮೇಲೆ ಆಸ್ಪರ್ಜರ್ಸ್ ಅಂತ ಗೊತ್ತಾದ 374 ಜನರನ್ನು ಕೇಳಿದಾಗ 66 ಶೇಕಡಾ ಮಂದಿ ಸಾಯೋ ಯೋಚನೆ ಬಂದಿತ್ತು ಅಂದಿದ್ದಾರೆ. ಅಷ್ಟೂ ಮಂದಿಯ ಮನೆಯಲ್ಲಿ ಕಲ್ಲಿನ ಸುದ್ದಿ ಕೇಳೋ ಅಮ್ಮ ಇದ್ದಳೋ ಇಲ್ಲವೋ.

ಇಷ್ಟೆಲ್ಲ ಹಣೆಪಟ್ಟಿ ಯಾಕೆ ಹಚ್ಚಿಕೊಳ್ತೀಯ ಅಂತ ಕೇಳೋರಿದ್ದಾರೆ. ಆಸ್ಪರ್ಜರ್ಸ್ ಅನ್ನೋ ಹೆಸರೇ ಈಗ ಇಲ್ವಲ್ಲ ಅಂತಾನೂ ಅಂತಾರೆ. ನಿಜ, 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಆಟಿಸಂ ಸ್ಪೆಕ್ಟ್ರಮ್‌ಗೆ ಸೇರಿಸಿತು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಅದೇ ದಾರಿ ಹಿಡೀತು. ಆ ಆಸ್ಪರ್ಜರ್ ನಾಜಿಗಳ ಕಾಲದಲ್ಲಿ ಮಕ್ಕಳನ್ನು ಕೊಲ್ಲುವ ಜಾಗಕ್ಕೆ ಕಳಿಸಿದ್ದ ಅನ್ನೋ ದಾಖಲೆ 2018ರಲ್ಲಿ ಹೊರಬಂದಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ. ಅವನ ಹೆಸರಿನ ಮೇಲೆ ನನಗೆ ಪ್ರೀತಿಯಿಲ್ಲ, ಬೇಕಾದರೆ ಆಟಿಸಂ ಅನ್ನಿ. ಆದರೆ ಹೆಸರೇ ಬೇಡ ಅನ್ನೋರ ಮಾತು ನಾನು ಒಪ್ಪಲ್ಲ. ಹೆಸರಿಲ್ಲದ ಆ ಹನ್ನೆರಡು ವರ್ಷ ನಾನು ನನ್ನನ್ನು ಕರೆದುಕೊಂಡಿದ್ದು 'ಸೋಮಾರಿ', 'ಕಲ್ಲುಮನಸ್ಸಿನವಳು' ಅಂತ. ಅವೂ ಹಣೆಪಟ್ಟಿಗಳೇ.

ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ, ನನ್ನನ್ನು ಉಳಿಸಿದ್ದರಲ್ಲಿ ಅದರ ಪಾಲೂ ಇದೆ. ಖಿನ್ನತೆಗೆ ತಗೋತೀನಿ, ಓಸಿಡಿಗೆ ತಗೋತೀನಿ. ವೀಳ್ಯದೆಲೆ ಜೋಡಿಸೋ ಕೈಗೆ ಯಾಕೆ ಮಾತ್ರೆ?

ಈಗಿನ ಥೆರಪಿಸ್ಟ್ ಎಲೆ ಜೋಡಿಸೋದು, ಗ್ಯಾಸ್ ನೋಡೋದು ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಸಿದ್ದಾರೆ. ಒಂದು ಹಾಳೆಗೆ ಅವರು ಕೈ ಹಾಕಲ್ಲ. ಇನ್ನೊಂದರಲ್ಲಿ ಗ್ಯಾಸ್ ಇದೆ: ಒಂದು ಸಲ ನೋಡು, ಭಯ ಬರಲಿ, ತಿರುಗಿ ಹೋಗಬೇಡ, ಅದು ತಾನಾಗಿ ಇಳಿಯೋವರೆಗೆ ಕೂತಿರು. ಇವತ್ತು ಬೆಳಗ್ಗೆ ಹಾಲು ಕಾಯಿಸಿದ ಮೇಲೆ ಎರಡು ಸಲ ನೋಡಿದೆ. ಮೂರನೇದಕ್ಕೆ ಎದ್ದವಳು ಕೂತೆ. ಇಳಿಯೋಕೆ 40 ನಿಮಿಷ ಬೇಕಾಯ್ತು.

ದೊಡ್ಡಮ್ಮ, ನೀವು ಇದನ್ನು ಓದ್ತೀರಿ ಅಂತ ಗೊತ್ತು. ಮುಂದಿನ ತಿಂಗಳ ಮದುವೆಗೂ ತಾಂಬೂಲದ ಚೀಲ ನಾನೇ ತುಂಬ್ತೀನಿ, ಬೇರೆ ಯಾರಿಗೂ ಕೊಡಬೇಡಿ. ಗ್ಯಾಸ್ ನೋಡೋಕೆ ಮಾತ್ರ ಬೇರೆ ಯಾರಿಗಾದ್ರೂ ಹೇಳಿ.