ಆ ಅಜ್ಜ ನಾನೇ

ಭಾನುವಾರದಿಂದ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಅಜ್ಜ ಓಡಾಡುತ್ತಿದ್ದಾನೆ. ತಲೆಗೆ ಮಂಕಿ ಕ್ಯಾಪ್, ಹೆಗಲ ಮೇಲೆ ಹೆಂಗಸರ ಶಾಲು, ಬೆನ್ನು ಬಿಲ್ಲಿನ ಹಾಗೆ ಬಾಗಿದೆ, ಎರಡೂ ತೋಳು ಪಕ್ಕೆಗೆ ಅಂಟಿಕೊಂಡಿವೆ. ಹಿಂದೆ ಬರೀ ಮಂಜು. ತುಮಕೂರಿನ ಚಿಕ್ಕಮ್ಮ 'ಪಾಪ, ಈ ವಯಸ್ಸಲ್ಲೂ ಹೊಲಕ್ಕೆ ಬಂದಿದಾರೆ' ಅಂತ ಬರೆದು ಮೂರು ಸಲ ಕೈ ಮುಗಿದಿದ್ದಾರೆ. ಇನ್ಯಾರೋ 'ಅನ್ನದಾತ' ಅಂದಿದ್ದಾರೆ.

ಆ ಅಜ್ಜ ನಾನೇ. ವಯಸ್ಸು 47. ಹೊಲ ಇಲ್ಲ. ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡ ಇದೆ, ಅದಕ್ಕೂ ನೀರು ಹಾಕುವುದು ನನ್ನ ಹೆಂಡತಿ.

ಇದಕ್ಕೆಲ್ಲ ಕಾರಣ ನನ್ನ ಬಾಮೈದ. ಹೋದ ಜನವರಿಯಲ್ಲಿ ಅವನು ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಹಿಮದ ಫೋಟೋ ತೆಗೆದುಕೊಂಡು ಬಂದ. ಹೋಗಿದ್ದು ಐದೇ ದಿನ. ವಾಪಸ್ ಬಂದು ಹನ್ನೊಂದು ತಿಂಗಳಾಯಿತು, ಇನ್ನೂ ಪೂರ್ತಿ ಬಂದಿಲ್ಲ. ಉಪ್ಪಿಟ್ಟು ಆರಿಹೋಗಿದೆ ಅಂದರೆ 'ಗುಲ್ಮಾರ್ಗ್‌ನಲ್ಲಿ ತಟ್ಟೆಗೆ ಹಾಕೋಷ್ಟರಲ್ಲೇ ಆರೋಗತ್ತೆ' ಅನ್ನುತ್ತಾನೆ. ಗೀಸರ್ ಕೆಟ್ಟಿದೆ ಅಂದರೆ 'ಗುಲ್ಮಾರ್ಗ್‌ನಲ್ಲಿ ಪೈಪಲ್ಲೇ ನೀರು ಗಟ್ಟಿಯಾಗತ್ತೆ'. ನಮ್ಮತ್ತೆ ಮಂಡಿನೋವು ಅಂತ ಕೂತರೆ ಅದಕ್ಕೂ ಗುಲ್ಮಾರ್ಗ್. ತಡೆಯಲಾರದೆ ಒಂದು ಸಲ ನಾನೂ ಬಿಟ್ಟೆ: ನಮ್ಮ ಬೆಂಗಳೂರಿನಲ್ಲೂ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು ಕಣೋ, ನಮ್ಮೂರ ಚಳಿ ಏನೂ ಕಡಿಮೆ ಅಂತ ತಿಳ್ಕೋಬೇಡ. ಅವನು ಮಗುವನ್ನು ನೋಡುವ ಹಾಗೆ ನೋಡಿ, 'ಅಷ್ಟಿದ್ರೆ ಗುಲ್ಮಾರ್ಗ್‌ನಲ್ಲಿ ಸ್ವೆಟರ್ ಬಿಚ್ತಾರೆ ಭಾವ' ಅಂದ.

ಅವನು ಹೇಳುವುದು ಸುಳ್ಳಲ್ಲ, ಅದೇ ತೊಂದರೆ. ಹಿಮದ ಫೋಟೋವನ್ನು ಕ್ಯಾಮೆರಾ ಇಷ್ಟಕ್ಕೆ ಬಿಟ್ಟರೆ ಬೂದಿ ಬೂದಿ ಬರುತ್ತದೆ, ಯಾಕೆಂದರೆ ಎದುರಿಗಿರುವುದು ಏನೇ ಆಗಿರಲಿ, ಅದು ನಡುವಿನ ಬೂದಿ ಬಣ್ಣ ಅಂದುಕೊಂಡೇ ಕ್ಯಾಮೆರಾ ಬೆಳಕು ಅಳೆಯುವುದು. ಹಾಗಾಗಿ ಒಂದೋ ಎರಡೋ ಸ್ಟಾಪ್ ಬೆಳಕು ಜಾಸ್ತಿ ಕೊಡಬೇಕು, ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು. ಕೊರೆಯುವ ಚಳಿಗೆ ಲಿಥಿಯಂ ಬ್ಯಾಟರಿಯೂ ಮಂಕಾಗುತ್ತದೆ, ಚಾರ್ಜ್ ಇದ್ದರೂ ಕ್ಯಾಮೆರಾ ಕಣ್ಣು ಮುಚ್ಚಿಬಿಡುತ್ತದೆ, ಮೈಗೆ ತಾಗಿಸಿ ಬೆಚ್ಚಗೆ ಮಾಡಿದರೆ ಮತ್ತೆ ಏಳುತ್ತದೆ. ಹೊರಗಿನ ಚಳಿಯಿಂದ ಬೆಚ್ಚನೆಯ ರೂಮಿಗೆ ಬರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಕಟ್ಟಿಡಬೇಕು, ಇಲ್ಲದಿದ್ದರೆ ಮೈಯೆಲ್ಲ ಬೆವರುತ್ತದೆ. ಎಲ್ಲ ಒಪ್ಪಿದೆ. ಆದರೆ ಭಾನುವಾರ ಮಂಜಿನ ಫೋಟೋ ತೆಗೆಯಲು ನಾವು ಹೋಗಿದ್ದು ಬೆಂಗಳೂರಿನ ಪಕ್ಕದ ಹೆಸರಘಟ್ಟಕ್ಕೆ.

ನಂದಿ ಬೆಟ್ಟ ಬೇಡ ಅಂದಿದ್ದು ನಾನೇ. 1478 ಮೀಟರ್ ಎತ್ತರಕ್ಕೆ ಹೋದರೂ ಭಾನುವಾರ ಬೆಳಗ್ಗೆ ಅಲ್ಲಿ ಕಾಣುವುದು ಮುಂದಿನ ಕಾರಿನ ಕೆಂಪು ದೀಪ. ಹೆಸರಘಟ್ಟ ಕೆರೆ 1894ರದ್ದು, ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟದ್ದು. ಅದರ ಪಕ್ಕದ ಹುಲ್ಲುಗಾವಲಿನಲ್ಲಿ ಡಿಸೆಂಬರ್ ಮಂಜು ಚೆನ್ನಾಗಿ ಕೂರುತ್ತದೆ. ನಾಲ್ಕು ಗಂಟೆಗೆ ಎದ್ದು ಐದೂಕಾಲಿಗೆ ಅಲ್ಲಿದ್ದೆವು. ಹುಲ್ಲಿಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಮಂಡಿವರೆಗೆ ಪ್ಯಾಂಟು ಒದ್ದೆ. ಫೋನಿನಲ್ಲಿ 14 ಡಿಗ್ರಿ ಅಂತ ತೋರಿಸುತ್ತಿತ್ತು.

ಬಾಮೈದ ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಲೆನ್ಸಿನ ಮುಚ್ಚಳ ತೆಗೆದ. ಇನ್ನೂ ಕಗ್ಗತ್ತಲು. 'ಬೆಳಕು ಯಾವಾಗ ಬರತ್ತೋ ಹೇಳಕ್ಕಾಗಲ್ಲ ಭಾವ' ಅಂದ. ಸೂರ್ಯ ಹುಟ್ಟುವ ಹೊತ್ತು ಪಂಚಾಂಗದಲ್ಲೇ ಇರುತ್ತಪ್ಪ ಅನ್ನೋಣ ಅಂತಿದ್ದೆ, ಅಷ್ಟರಲ್ಲಿ ಅವನು ಎರಡು ಬ್ಯಾಟರಿ ತೆಗೆದು ನನ್ನ ಕೈಗಿಟ್ಟ.

'ಇದನ್ನ ಮೈಗೆ ತಾಗಿಸಿ ಇಟ್ಕೊಳ್ಳಿ.'

'ಬನಿಯನ್ನಿಗೆ ಜೇಬಿಲ್ವಲ್ಲೋ.'

'ಕಂಕುಳಲ್ಲಿ ಇಟ್ಕೊಳ್ಳಿ. ಆ ಕಡೆ ಒಂದು, ಈ ಕಡೆ ಒಂದು.'

'ನಿನ್ನ ಕಂಕುಳಿಗೇನಾಗಿದೆ?'

'ನಾನು ಕೈ ಆಡಿಸ್ಬೇಕಲ್ಲ ಭಾವ.'

ಇದಕ್ಕೆ ಎದುರು ಮಾತು ಏನಿದೆ ಹೇಳಿ. ಇಟ್ಟುಕೊಂಡೆ. ತಣ್ಣನೆಯ ಬ್ಯಾಟರಿಯನ್ನು ಬೆಳಗಿನ ಜಾವ ಕಂಕುಳಿಗೆ ಸೇರಿಸಿಕೊಂಡವರಿಗೆ ಮಾತ್ರ ಆ ಕ್ಷಣ ಗೊತ್ತು. ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಲ್ಲಿಂದ ಹತ್ತಿರ ಹತ್ತಿರ ಎರಡು ಗಂಟೆ ನಾನು ಮೊಣಕೈಯಿಂದ ಮೇಲೆ ಬದುಕಿರಲಿಲ್ಲ. ತೋಳು ಸ್ವಲ್ಪ ಸಡಿಲ ಬಿಟ್ಟರೆ ಬ್ಯಾಟರಿ ಜಾರಿ ಸೊಂಟಕ್ಕೆ ಬರುತ್ತದೆ, ಅಲ್ಲಿಂದ ಕೆಳಗೆ ಹೋದರೆ ಆಮೇಲೆ ತೆಗೆಯುವುದು ಹೇಗೆ ಅನ್ನೋ ಭಯ. ಮೂಗು ಸೋರುತ್ತಿದೆ, ಒರೆಸಲು ಕೈ ಮೇಲೆ ಬರೋಲ್ಲ. ತಲೆಯನ್ನೇ ಬಗ್ಗಿಸಿ ಕೈ ಹತ್ತಿರ ಒಯ್ದೆ. ಬೆನ್ನು ಬಿಲ್ಲಾಗಿದ್ದು ಹಾಗೆ. ಎರಡು ಸಲ ಸೀನು ಬಂತು, ಎರಡೂ ಸಲ ನುಂಗಿದೆ. 'ಹೋಗೋಣ್ವೇನೋ' ಅಂದಾಗಲೆಲ್ಲ ಅವನದು ಒಂದೇ ಉತ್ತರ, 'ಒಂದ್ನಿಮಿಷ ಭಾವ'.

ಅಷ್ಟರಲ್ಲಿ ಡೇರಿಗೆ ಹೊರಟಿದ್ದ ಒಬ್ಬರು ಮೊಪೆಡ್ ನಿಲ್ಲಿಸಿದರು. ಎರಡು ಹಾಲಿನ ಕ್ಯಾನು, ಮೈಮೇಲೆ ಅರ್ಧ ತೋಳಿನ ಶರ್ಟು, ಸ್ವೆಟರ್ ಗಿಟರ್ ಏನೂ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಯಾಕ್ ಸಾಮಿ, ಮೈ ಉಸಾರಿಲ್ವಾ?' ಅಂದರು. ಬ್ಯಾಟರಿ ಇದೆ ಅಂದೆ. ಅವರು ಮತ್ತೇನೂ ಕೇಳದೆ ಬೇಗ ಹೊರಟುಹೋದರು.

ಬೆಳಕು ಬಂತು. ಬಾಮೈದ ಶುರು ಮಾಡಿದ. ಸ್ಕ್ರೀನಿನಲ್ಲಿ ನೋಡಿದರೆ ನಿಜಕ್ಕೂ ಸ್ವರ್ಗ, ಎಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ. 'ಗುಲ್ಮಾರ್ಗ್‌ನಲ್ಲೂ ಇಂಥ ಮಂಜು ಸಿಕ್ಕಿರಲಿಲ್ಲ' ಅಂದ, ಅವನ ಬಾಯಿಂದ ಅದು ದೊಡ್ಡ ಮಾತು. ಏಳೂಕಾಲು ಆಯಿತು. ಬಿಸಿಲು ಬಂತು, ದೂರದ ಕರೆಂಟು ಕಂಬ ಕಂಡಿತು, ಕಂಬದ ಕೆಳಗೆ ಕಾಲೆತ್ತಿ ನಿಂತಿದ್ದ ನಾಯಿಯೂ ಕಂಡಿತು. ಕ್ಯಾಮೆರಾದಲ್ಲಿ ಮಾತ್ರ ಇನ್ನೂ ಮಂಜು.

'ಮಂಜು ಕರಗಿತಲ್ಲೋ.'

'ಕಣ್ಣಿಗೆ ಕಾಣಲ್ಲ ಭಾವ, ಕ್ಯಾಮೆರಾಗೆ ಕಾಣತ್ತೆ. ಗುಲ್ಮಾರ್ಗ್‌ನಲ್ಲೂ…'

ಎರಡೂ ಕೈ ಕಟ್ಟಿಹಾಕಿದವನ ಹಾಗೆ ನಡೆದು ಹೋಗಿ ಲೆನ್ಸಿನ ಎದುರಿಗೇ ನಿಂತು ನೋಡಿದೆ. ಗಾಜಿನ ತುಂಬ ಇಬ್ಬನಿ. ಸಾಸಿವೆ ಕಾಳಿನ ಹಾಗೆ ಒತ್ತೊತ್ತಾಗಿ ಕೂತಿದೆ. ಬೆರಳಿಂದ ಒಂದು ಗೆರೆ ಎಳೆದೆ. ಸ್ಕ್ರೀನಿನಲ್ಲಿ ಗೆರೆಯಷ್ಟು ಅಗಲಕ್ಕೆ ಹೆಸರಘಟ್ಟ ಕಾಣಿಸಿತು.

ನಮ್ಮ ಬೀದಿಯಲ್ಲಿ ಈ ಕಾಲದಲ್ಲಿ ಬೆಳಗ್ಗೆ ಗಾಡಿ ತೆಗೆಯುವವರೆಲ್ಲ ಮೊದಲು ಮಾಡುವ ಕೆಲಸ ಸೀಟು ಒರೆಸುವುದು. ಮೋಡ ಇಲ್ಲದ ರಾತ್ರಿಯಲ್ಲಿ ಬಯಲಿಗೆ ಬಿಟ್ಟದ್ದು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಬಂದು ಕೂರುತ್ತದೆ. ಸ್ಕೂಟರ್ ಸೀಟಿಗೆ ಆಗುವುದು ಒಂದು ಲಕ್ಷದ ಲೆನ್ಸಿಗೆ ಆಗೋಲ್ಲ ಅಂತ ಎಲ್ಲಿದೆ? ಐದೂಕಾಲಿನಿಂದ ಬಾಯಿ ತೆರೆದುಕೊಂಡು ಕೂತಿತ್ತಲ್ಲ ಅದು. ಅವನು ತೆಗೆದ 212 ಫೋಟೋಗಳೂ ಆ ಇಬ್ಬನಿಯದ್ದೇ. ಕ್ಯಾಮೆರಾದೊಳಗಿನ ಬ್ಯಾಟರಿ ಕೊನೆಯವರೆಗೂ ಚೆನ್ನಾಗಿತ್ತು. ನನ್ನ ಕಂಕುಳಿನವೂ ಚೆನ್ನಾಗಿದ್ದವು, ಅವಕ್ಕೆ ಒಳ್ಳೆ ನಿದ್ದೆ.

ಇಷ್ಟಾದ ಮೇಲೂ ಟೀ ಅಂಗಡಿಗೆ ಬಂದಾಗ ಅವನು ಬಾಗಿಲಲ್ಲೇ ನಿಂತ. ಒಳಗೆ ಬಿಸಿ ಇದೆ, ಕ್ಯಾಮೆರಾ ಬೆವರತ್ತೆ, ಕವರ್ ಕೊಡಿ ಅಂತ. ಬೇರೆ ಕವರ್ ಇರಲಿಲ್ಲ. ಹೆಂಡತಿ ಕಟ್ಟಿಕೊಟ್ಟಿದ್ದ ನಿಪ್ಪಟ್ಟಿನ ಕವರಿಗೇ ಕಟ್ಟಿದೆವು. ಈಗ ಗುಂಡಿಗಳ ಸಂದಿಯಲ್ಲಿ ಎಳ್ಳು ಸಿಕ್ಕಿಕೊಂಡಿದೆಯಂತೆ, ರಿಪೇರಿ ಅಂಗಡಿಯವರು ಇದು ವಾರಂಟಿಗೆ ಬರಲ್ಲ ಅಂದರಂತೆ. ನನಗೆ ಬೇಜಾರಾಯಿತು ಅಂತ ಹೇಳಿದೆ.

ಇನ್ನು ಆ ಅಜ್ಜನ ಫೋಟೋ. ಅದನ್ನು ತೆಗೆದಿದ್ದು ಫೋನಿನಲ್ಲಿ, ನನಗೆ ಗೊತ್ತಿಲ್ಲದ ಹಾಗೆ, ನಾನು ಎರಡನೇ ಸೀನು ನುಂಗುತ್ತಿದ್ದಾಗ. ಫೋನು ಅವನ ಜೇಬಿನಲ್ಲಿ ಬೆಚ್ಚಗಿತ್ತು, ಇಬ್ಬನಿ ಹಿಡಿದಿರಲಿಲ್ಲ. ಹಾಗಾಗಿ ಆ ಬೆಳಗಿನ ಒಂದೇ ಒಂದು ಒಳ್ಳೆಯ ಫೋಟೋದಲ್ಲಿ ನನ್ನ ಮೂಗಿನ ತುದಿಯ ಹನಿ ಕೂಡ ಸ್ಪಷ್ಟವಾಗಿದೆ.

ಸೋಮವಾರ ರಾತ್ರಿ ಅಮ್ಮ ಅದನ್ನು ನೋಡಿದಳು. ಕನ್ನಡಕ ಹಾಕಿಕೊಂಡು, ಫೋನನ್ನು ಹತ್ತಿರ ತಂದು, ದೂರ ಹಿಡಿದು, 'ಇದು ಯಾವಾಗಿಂದೋ? ಯಾರ ಹತ್ರ ಇತ್ತು?' ಅಂದಳು. ನನಗೆ ಆಗ ಹೊಳೆಯಿತು. ಆ ಕಂದು ಮಂಕಿ ಕ್ಯಾಪ್ ಅಪ್ಪನದು, ಬೀರುವಿನಲ್ಲಿ ಕೈಗೆ ಸಿಕ್ಕಿದ್ದನ್ನು ಕತ್ತಲಲ್ಲಿ ಎಳೆದುಕೊಂಡಿದ್ದೆ. ಚಳಿಗಾಲದಲ್ಲಿ ಅಪ್ಪ ಅದನ್ನು ಹಾಕಿಕೊಂಡು ಐದೂವರೆಗೆ ಹಾಲಿನ ಬೂತಿಗೆ ಹೋಗುತ್ತಿದ್ದರು. ಬಂದವರೇ ತಣ್ಣನೆಯ ಪ್ಯಾಕೆಟ್ಟನ್ನು ನಮ್ಮ ಕೆನ್ನೆಗೆ ತಾಗಿಸಿ ಎಬ್ಬಿಸುತ್ತಿದ್ದರು. ನಾವು ಕಿರುಚುತ್ತಿದ್ದೆವು. ಅಪ್ಪ ಹೋಗಿ ಆರು ವರ್ಷವಾಯಿತು, ಅವರ ಚಳಿಗಾಲದ ಒಂದು ಫೋಟೋನೂ ನಮ್ಮಲ್ಲಿಲ್ಲ.

ನಾನೇ ಕಣಮ್ಮ ಅದು ಅಂದೆ. ಅಮ್ಮ ಇನ್ನೊಂದು ಸಲ ನೋಡಿದಳು. 'ಅದೇ ಅಂದ್ಕೊಂಡೆ. ನಿಮ್ಮಪ್ಪ ಹೀಗೆ ಗೂನು ಬೀಳ್ತಿರಲಿಲ್ಲ' ಅಂತ ಫೋನು ವಾಪಸ್ ಕೊಟ್ಟಳು.

ಇವತ್ತು ಆಫೀಸಿನಲ್ಲಿ ಮೀಟಿಂಗಿಗೆ ಎದ್ದಿದ್ದೆ, ಬಾಮೈದನ ಫೋನು. 'ಭಾವ, ಒಂದು ಬ್ಯಾಟರಿ ಕಾಣ್ತಿಲ್ಲ. ನಿಮ್ಮ ಹತ್ರ ಉಳ್ಕೊಂಡಿದ್ಯಾ ಸ್ವಲ್ಪ ನೋಡಿ.' ಎಲ್ಲರೂ ನೋಡುತ್ತಿದ್ದಾರೆ ಅನ್ನುವುದು ಗೊತ್ತಾಗುವಷ್ಟರಲ್ಲಿ ಎಡಗೈ ಎತ್ತಿ ಕಂಕುಳು ನೋಡಿಕೊಂಡಾಗಿತ್ತು.