ಒಂದು ವಿಮಾನಕ್ಕೆ ಎಷ್ಟು ಲೋಡು ಗೋಧಿ?

"ದೇಶಾನ ಒಂದೈದು ವರ್ಷ ಮಿಲಿಟ್ರಿಯವರ ಕೈಗೆ ಕೊಟ್ಟು ನೋಡ್ಬೇಕು ಕಣೋ. ಆಗ ಎಲ್ಲಾ ನೆಟ್ಟಗಾಗುತ್ತೆ."

ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಮ್ಮಪ್ಪ ಈ ಮಾತು ಹೇಳುತ್ತಿದ್ದಾರೆ. ಅರಕಲಗೂಡು ಕಡೆಯ ನಮ್ಮೂರಿಗೆ ಬಸ್ ಲೇಟಾಗಿ ಬಂದರೂ ಇದೇ ಮಾತು, ಗೊಬ್ಬರ ಬರದಿದ್ದರೂ ಇದೇ ಮಾತು. ಪಕ್ಕದಲ್ಲೇ ಕೊಡಗು ಇದೆಯಲ್ಲ, ಮಿಲಿಟ್ರಿ ಅಂದರೆ ನಮ್ಮ ಕಡೆ ಭಕ್ತಿ ಸ್ವಲ್ಪ ಜಾಸ್ತಿ.

ಕಳೆದ ಬೇಸಿಗೆಯಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ನೆಂಟರಿಗೆ ತೋರಿಸೋಣ ಅಂದರೆ ಇಲ್ಲಿ ನಯಾಗರ ಇಲ್ಲ, ಸಮುದ್ರ ಇಲ್ಲ. ಗೋಧಿ ಹೊಲ, ಅದರ ಮೇಲೆ ಆಕಾಶ, ಅಷ್ಟೇ. ಒಂದು ಶನಿವಾರ ಅಪ್ಪನನ್ನು ಕಾರಿಗೆ ಹತ್ತಿಸಿ, "ಬನ್ನಿ, ಮಿಲಿಟ್ರಿಯವರ ಕೈಗೆ ದೇಶ ಕೊಟ್ಟರೆ ಏನಾಗುತ್ತೆ ಅಂತ ತೋರಿಸ್ತೀನಿ" ಅಂದೆ. ಒಂದೂವರೆ ಗಂಟೆ ದಾರಿ. ಊರ ಹೆಸರು ಅಬಿಲೀನ್. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಿತ್ರಸೇನೆಗಳ ದಂಡನಾಯಕನಾಗಿದ್ದು, ಆಮೇಲೆ ಎಂಟು ವರ್ಷ ಅಮೆರಿಕದ ಅಧ್ಯಕ್ಷರಾಗಿದ್ದ ಡ್ವೈಟ್ ಐಸೆನ್‌ಹೋವರ್ ಬೆಳೆದ ಊರು.

ಅವರ ಮನೆ ಇದ್ದ ಜಾಗದಲ್ಲೇ ಇದೆ. ಸಣ್ಣ ಮರದ ಮನೆ. ಆರು ಗಂಡುಮಕ್ಕಳು ಅದರೊಳಗೆ ಹೇಗೆ ಹಿಡಿಸಿದರೋ! ಐಸೆನ್‌ಹೋವರ್ ಅವರ ಅಪ್ಪ ಬೆಣ್ಣೆ-ಹಾಲಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮಗನೂ ಅಲ್ಲೇ ರಾತ್ರಿ ಪಾಳಿ ಮಾಡಿದವನು. ಅಮ್ಮ ಐಡಾ ಯುದ್ಧ ಅಂದರೆ ಪಾಪ ಅನ್ನುತ್ತಿದ್ದ ದೈವಭಕ್ತೆ. ಹುಡುಗ 1911ರಲ್ಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿ ಸೇರಿದ್ದು ದೇಶಸೇವೆಯ ಹುಚ್ಚಿನಿಂದಲ್ಲ, ಅಲ್ಲಿ ಓದು ಫ್ರೀ ಅಂತ. ಇದನ್ನು ಹೇಳಿದಾಗ ಅಪ್ಪ ನಕ್ಕರು. "ನಮ್ಮೂರ ಹುಡುಗರೂ ಹಾಗೇ ತಾನೇ ಹೋಗಿದ್ದು. ಊಟ ಸಿಗುತ್ತೆ, ಸಂಬಳ ಸಿಗುತ್ತೆ ಅಂತ."

ಆಮೇಲಿನ ಕಥೆ ಅಪ್ಪನಿಗೆ ಇನ್ನೂ ಹಿಡಿಸಿತು. ಮೊದಲ ಮಹಾಯುದ್ಧದಲ್ಲಿ ಈ ಮನುಷ್ಯನನ್ನು ಹೊರದೇಶಕ್ಕೇ ಕಳಿಸಲಿಲ್ಲ. ಅದಾದ ಮೇಲೆ ಹದಿನಾರು ವರ್ಷ ಮೇಜರ್ ಹುದ್ದೆಯಲ್ಲೇ ಕೂತರು. ಹದಿನಾರು ವರ್ಷ ಪ್ರಮೋಷನ್ ಇಲ್ಲ ಅಂದರೆ ಏನು ಅಂತ ಸೊಸೈಟಿ ಕಾರ್ಯದರ್ಶಿಯಾಗಿದ್ದ ನಮ್ಮಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಈ ಮನುಷ್ಯ ಇಷ್ಟವಾಗುವುದು ಒಂದು ಚೀಟಿಯಿಂದ. 1944ರ ಜೂನ್ 6ಕ್ಕೆ, ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ದಂಡೆಯ ಮೇಲೆ ದಾಳಿ. ಅದಕ್ಕೆ ಮೊದಲೇ ಪೆನ್ಸಿಲಿನಲ್ಲಿ ನಾಲ್ಕು ಸಾಲು ಗೀಚಿ ಪರ್ಸಿನಲ್ಲಿಟ್ಟುಕೊಂಡಿದ್ದರು. ಇಳಿಯುವ ಯತ್ನ ಸೋತಿದೆ, ಸೈನಿಕರು ತಮ್ಮಿಂದಾದದ್ದೆಲ್ಲ ಮಾಡಿದರು, ತಪ್ಪು ಏನಿದ್ದರೂ ಅದು ನನ್ನೊಬ್ಬನದೇ, ಅಂತ. ಗಾಬರಿಯಲ್ಲಿ ತಾರೀಕು ಜುಲೈ 5 ಅಂತ ಬರೆದುಬಿಟ್ಟಿದ್ದಾರೆ. ದಾಳಿ ಗೆದ್ದಿತು, ಚೀಟಿ ಬೇಕಾಗಲಿಲ್ಲ. ಈಗ ಅದು ಇದೇ ಊರಿನ ಅವರ ಗ್ರಂಥಾಲಯದಲ್ಲಿದೆ. ಕೆಲಸ ಕೆಟ್ಟರೆ ಮೊದಲು ಕೆಳಗಿನವನನ್ನು ಸಸ್ಪೆಂಡ್ ಮಾಡುವುದನ್ನೇ ನೋಡಿ ಬೆಳೆದವನು ನಾನು. ಆ ತಪ್ಪು ತಾರೀಕು ನನಗೆ ಆ ಮಾತಿನಷ್ಟೇ ಮುಖ್ಯ. ಯಾರಿಗೂ ತೋರಿಸೋಕೆ ಬರೆದದ್ದಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ.

ಸರಿ, ಇಂಥವರ ಕೈಗೆ ದೇಶ ಕೊಟ್ಟರಲ್ಲ, ಅಪ್ಪನ ಮಾತೇ ಗೆದ್ದ ಹಾಗಾಯಿತು ಅಲ್ವಾ? ಇಲ್ಲೇ ನಮ್ಮೂರ ಬಸ್‌ಸ್ಟ್ಯಾಂಡಿನ ಲೆಕ್ಕ ತಪ್ಪುವುದು. ಅಮೆರಿಕದವರು ಮಿಲಿಟ್ರಿಗೆ ದೇಶ ಕೊಡಲಿಲ್ಲ. ಮಿಲಿಟ್ರಿ ಬಿಟ್ಟು ಬಂದವರಿಗೆ ಓಟು ಕೊಟ್ಟರು. 1952ರಲ್ಲಿ ಐಸೆನ್‌ಹೋವರ್ ಸೇನೆಗೆ ರಾಜೀನಾಮೆ ಕೊಟ್ಟು, ಪಂಚತಾರಾ ಪದವಿ ಬಿಟ್ಟು, ಊರೂರು ಸುತ್ತಿ ಓಟು ಕೇಳಿದರು. ಜನ 'ಐ ಲೈಕ್ ಐಕ್' ಅನ್ನುವ ಬಿಲ್ಲೆ ಅಂಗಿಗೆ ಚುಚ್ಚಿಕೊಂಡು ಓಡಾಡಿದರು. ಐಕ್ ಅಂದರೆ ಅಡ್ಡಹೆಸರು. ನಮ್ಮಲ್ಲಾದರೆ 'ಜನರಲ್ ಸಾಹೇಬ್ರು' ಅನ್ನದೆ ಬಾಯಿ ತೆರೆಯೋಕಾಗುತ್ತಾ?

ಆಗ ಇಳಿಯುತ್ತಿದ್ದ ಅಧ್ಯಕ್ಷ ಟ್ರೂಮನ್ ಒಂದು ತಮಾಷೆ ಮಾಡಿದ್ದರು. ಪಾಪ ಐಕ್, ಈ ಕುರ್ಚಿಯಲ್ಲಿ ಕೂತು ಅದು ಮಾಡಿ, ಇದು ಮಾಡಿ ಅಂತಾರೆ, ಏನೂ ಆಗೋದಿಲ್ಲ, ಇದು ಸೈನ್ಯ ಅಲ್ಲ ಅಂತ. ಆದರೆ ಐಕ್ ಕೂಗಾಡುವ ಜನರಲ್ ಅಲ್ಲ. ಯುದ್ಧದಲ್ಲಿ ಬ್ರಿಟನ್ ಪ್ರಧಾನಿ ಚರ್ಚಿಲ್, ಫ್ರಾನ್ಸಿನ ನಾಯಕ ಡಿಗಾಲ್, ಬ್ರಿಟಿಷ್ ಜನರಲ್ ಮಾಂಟ್‌ಗೊಮರಿಯಂಥವರನ್ನು ಒಂದೇ ಬಂಡಿಗೆ ಕಟ್ಟಿ ಓಡಿಸಿದವರು. ಲಾಠಿ ಹಿಡಿದು ನೆಟ್ಟಗೆ ಮಾಡುವುದಕ್ಕಿಂತ ಅದು ಕಷ್ಟ.

ಕೊರಿಯಾ ಯುದ್ಧ ಅವರ ಮೊದಲ ವರ್ಷದಲ್ಲೇ, 1953ರ ಜುಲೈನಲ್ಲಿ, ನಿಂತಿತು. ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ನೋಡಿಕೊಳ್ಳುವ ತಲೆನೋವಿನ ಕೆಲಸ ಯಾರ ತಲೆಗೆ ಬಂತು ಗೊತ್ತಾ? ಅದಕ್ಕಂತಲೇ ಮಾಡಿದ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯ. ಇದನ್ನು ಕೇಳಿ ಅಪ್ಪ ಬೆಂಚಿನ ಮೇಲೆ ಸ್ವಲ್ಪ ನೆಟ್ಟಗೆ ಕೂತರು.

ಅದೇ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಐಸೆನ್‌ಹೋವರ್ 1953ರ ಏಪ್ರಿಲ್‌ನಲ್ಲಿ ಮಾಡಿದ ಒಂದು ಭಾಷಣ ತೆಗೆದು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಒಂದು ಬಾಂಬರ್ ವಿಮಾನದ ದುಡ್ಡಿನಲ್ಲಿ ಮೂವತ್ತಕ್ಕೂ ಹೆಚ್ಚು ಊರುಗಳಿಗೆ ಒಂದೊಂದು ಇಟ್ಟಿಗೆಯ ಶಾಲೆ ಕಟ್ಟಬಹುದು. ಒಂದೇ ಒಂದು ಫೈಟರ್ ವಿಮಾನಕ್ಕೆ ನಾವು ಕೊಡುವ ಬೆಲೆ ಐದು ಲಕ್ಷ ಬುಷೆಲ್ ಗೋಧಿ.

"ಬುಷೆಲ್ ಅಂದ್ರೆ?"

"ಗೋಧಿ ಆದ್ರೆ ಇಪ್ಪತ್ತೇಳು ಕೆ.ಜಿ. ಚಿಲ್ಲರೆ."

ಅಪ್ಪ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದರು. ಸೊಸೈಟಿಯಲ್ಲಿ ರಾಗಿ, ಭತ್ತ ತೂಗಿಸಿದ ಕೈ. "ಒಂದು ಲಕ್ಷದ ಮೂವತ್ತಾರು ಸಾವಿರ ಕ್ವಿಂಟಾಲ್. ಹತ್ತು ಟನ್ ಲಾರಿ ಅಂದ್ರೆ ಸಾವಿರದ ಮುನ್ನೂರ ಅರವತ್ತು ಲೋಡು." ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಕೇಳಿದರು, "ಒಂದು ವಿಮಾನಕ್ಕಾ?"

ನನ್ನ ಪ್ರಕಾರ ಈ ಮಾತನ್ನು ಹೇಳೋಕೆ ಜನರಲ್ಲೇ ಬೇಕಿತ್ತು. ಬೇರೆ ರಾಜಕಾರಣಿ ಹೇಳಿದ್ದರೆ ಹೇಡಿ, ದೇಶದ್ರೋಹಿ ಅನ್ನುತ್ತಿದ್ದರು. ಸೈನ್ಯದವರು ಬಂದು ಇದು ಬೇಕು, ಅದು ಬೇಕು ಅಂದಾಗ ಯಾವುದು ನಿಜವಾಗಿ ಬೇಕು, ಯಾವುದು ಆಸೆ ಅಂತ ಅವರಿಗೆ ಒಳಗಿನಿಂದ ಗೊತ್ತಿತ್ತು. 1961ರ ಜನವರಿಯಲ್ಲಿ ಕುರ್ಚಿ ಬಿಡುವ ಮುಂಚೆ, ಸೈನ್ಯ ಮತ್ತು ಶಸ್ತ್ರ ಕಾರ್ಖಾನೆಗಳು ಕೈಜೋಡಿಸಿದರೆ ಎಚ್ಚರ ಅಂತ ಹೇಳಿಯೇ ಹೋದರು.

ಹಾಗಂತ ದೇವರು ಮಾಡೋದು ಬೇಡ. 1953ರಲ್ಲಿ ಇರಾನ್, 1954ರಲ್ಲಿ ಗ್ವಾಟೆಮಾಲಾ, ಎರಡೂ ಕಡೆ ಸರ್ಕಾರ ಬೀಳಿಸಲು ಗುಟ್ಟಾಗಿ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ.ಯನ್ನು ಬಿಟ್ಟವರೂ ಇವರೇ. ಅಣುಬಾಂಬಿನ ರಾಶಿ ಬೆಳೆದದ್ದೂ ಇವರ ಕಾಲದಲ್ಲೇ. 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕರಿಯ ಮಕ್ಕಳನ್ನು ಸೇರಿಸಲು ಸೈನಿಕರನ್ನು ಕಳಿಸಿದರು, ನಿಜ. ಆದರೆ ಕರಿಯರಿಗೊಂದು, ಬಿಳಿಯರಿಗೊಂದು ಅಂತ ಬೇರ್ಪಡಿಸಿದ ಶಾಲೆ ತಪ್ಪು ಅಂತ ಬಾಯಿಬಿಟ್ಟು ಹೇಳೋಕೆ ಅವರಿಗೆ ನಾಲಿಗೆ ಏಳಲಿಲ್ಲ. ಅದು ನನಗೆ ಇವತ್ತಿಗೂ ಕಿರಿಕಿರಿ.

ಮತ್ತೆ ನಮ್ಮ ದಾರಿ? 1959ರ ಮಳೆಗಾಲದಲ್ಲಿ ದೆಹಲಿಯಲ್ಲಿ ಸೇನೆಯ ಮುಖ್ಯಸ್ಥರಾಗಿದ್ದ ಇದೇ ತಿಮ್ಮಯ್ಯ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಕೆಟ್ಟು ರಾಜೀನಾಮೆ ಕೊಟ್ಟರು. ನೆಹರೂ ಕರೆದು ಹೇಳಿದಾಗ ವಾಪಸ್ ತಗೊಂಡರು. ಅದೇ ಡಿಸೆಂಬರಿನಲ್ಲಿ ಐಸೆನ್‌ಹೋವರ್ ದೆಹಲಿಗೆ ಬಂದರು, ಭಾರತಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷ. ಜನಸಾಗರ ಮುತ್ತಿಕೊಂಡಿತು. ಒಬ್ಬ ಜನರಲ್ ಪ್ರಧಾನಿಯ ಮಾತಿಗೆ ತಲೆಬಾಗಿದ ಊರಿನಲ್ಲಿ ಇನ್ನೊಬ್ಬ ಜನರಲ್‌ಗೆ ಹೂಮಳೆ. ನನಗೆ ಎರಡರಲ್ಲೂ ತಪ್ಪು ಕಾಣುವುದಿಲ್ಲ. ಅಕ್ಕಪಕ್ಕದ ದೇಶಗಳಲ್ಲಿ ಜನರಲ್‌ಗಳು ಯೂನಿಫಾರಂ ಹಾಕಿಕೊಂಡೇ ಗದ್ದುಗೆ ಏರಿದ್ದನ್ನು ನೋಡಿದ ಮೇಲೆ ನಮ್ಮವರ ಹುಷಾರಿಗೆ ಕೈಮುಗಿಯಬೇಕು. ಆದರೂ ನಿವೃತ್ತ ಜನರಲ್‌ಗಳನ್ನು ನಾವು ರಾಜ್ಯಪಾಲರನ್ನಾಗಿ ಮಾಡಿದ್ದೇವೆ, ಮಂತ್ರಿ ಮಾಡಿದ್ದೇವೆ, ದೊಡ್ಡ ಕುರ್ಚಿಯ ಹತ್ತಿರ ಮಾತ್ರ ಬಿಟ್ಟಿಲ್ಲ. ಮಡಿಕೇರಿಯ 'ಸನ್ನಿ ಸೈಡ್', ತಿಮ್ಮಯ್ಯನವರು ಬೆಳೆದ ಮನೆ, ಈಗ ಮ್ಯೂಸಿಯಂ ಆಗಿದೆ. ಸಾಲಾಗಿ ಹೋಗಿ ಸೆಲ್ಯೂಟ್ ಹೊಡೆದು ಬರುತ್ತೇವೆ. ಓಟಿನ ಮಾತು ಬೇರೆ.

ಕೊನೆಗೆ ಸಮಾಧಿ ನೋಡಿದೆವು. ಸಣ್ಣ ಪ್ರಾರ್ಥನಾ ಮಂದಿರ, ಒಳಗೆ ಗಂಡ, ಹೆಂಡತಿ, ಮೂರು ವರ್ಷಕ್ಕೇ ತೀರಿಕೊಂಡ ಮೊದಲ ಮಗ. ಸಾಮಾನ್ಯ ಸಿಪಾಯಿಗೆ ಆಗ ಕೊಡುತ್ತಿದ್ದ 80 ಡಾಲರಿನ ಪೆಟ್ಟಿಗೆಯಲ್ಲೇ ಐಕ್ ಅವರನ್ನು ಮಣ್ಣು ಮಾಡಿದ್ದು. ಅಪ್ಪ ಚಪ್ಪಲಿ ಬಿಡಬೇಕಾ ಅಂತ ಕೇಳಿದರು. ಬೇಡ ಅಂದೆ. ಆದರೂ ಬಿಟ್ಟೇ ಒಳಗೆ ಹೋದರು.

ವಾಪಸ್ ಬರುವಾಗ ಇಂಟರ್‌ಸ್ಟೇಟ್ 70 ಹತ್ತಿದೆವು. ಈ ಹೆದ್ದಾರಿ ಜಾಲಕ್ಕೆ 1956ರಲ್ಲಿ ಸಹಿ ಹಾಕಿದ್ದೂ ಇದೇ ಐಕ್ ಅಂದೆ. "ನೋಡಿದ್ಯಾ, ಮಿಲಿಟ್ರಿ ಕೆಲಸ ಅಂದ್ರೆ ಹಿಂಗೆ" ಅಂದರು. ನನಗೂ ರೇಗಿಸೋಣ ಅನ್ನಿಸಿತು.

"ಅಪ್ಪ, 1971ರಲ್ಲಿ ನಮ್ಮ ಕಾರ್ಯಪ್ಪನವರೇ ಚುನಾವಣೆಗೆ ನಿಂತಿದ್ರಲ್ಲ, ಬೊಂಬಾಯಲ್ಲಿ. ಸೋತುಹೋದ್ರು. ಮಿಲಿಟ್ರಿಯವರ ಕೈಗೆ ಕೊಡಬೇಕು ಅನ್ನೋರೆಲ್ಲ ಎಲ್ಲಿಗೆ ಹೋಗಿದ್ರು?"

ಅಪ್ಪ ಗೋಧಿ ಹೊಲ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೊಂಬಾಯಲ್ಲಿ ನಿಂತ್ರೆ ಅರಕಲಗೂಡಿಂದ ಹೆಂಗೋ ಓಟು ಹಾಕೋದು?" ಅಂದರು. ಆಮೇಲೆ, "ಮುಂದೆ ಎಲ್ಲಾದ್ರೂ ಕಾಫಿ ಸಿಗುತ್ತಾ ನೋಡು."