ಹಳೆಯ ಸಂಚಿಕೆಗಳಿಗೆ ಕಿರಿದಾದ ಎಕ್ಸ್‌ಎಂಎಲ್ ಸಾಕೇ?

ಮಾಟುಂಗ, ಡೊಂಬಿವಲಿಯ ಕನ್ನಡಿಗರ ಮನೆಗಳಿಂದ ಹಳೆಯ ಸ್ಮರಣ ಸಂಚಿಕೆಗಳನ್ನು ತಂದು ಗಣಕಕ್ಕೆ ಇಳಿಸುತ್ತಿರುವ ನಮ್ಮ ಗುಂಪಿನಲ್ಲಿ ಒಂದು ಪ್ರಶ್ನೆ ಎದ್ದಿದೆ. ಪಠ್ಯದ ಯಾವ ಭಾಗ ಏನೆಂದು ಗಣಕಕ್ಕೆ ತಿಳಿಯುವಂತೆ ಗುರುತು ಹಾಕುವ ಎಕ್ಸ್‌ಎಂಎಲ್ ಎಂಬ ಭಾಷೆಯಲ್ಲಿ ನಮಗೆ ಬೇಕಾದಷ್ಟನ್ನೇ ಆರಿಸಿಕೊಂಡು, ಅದರ ಅಮೂರ್ತ ದತ್ತಾಂಶ ಮಾದರಿಯನ್ನು, ಎಂದರೆ ಹೇಗೇ ಬರೆದಿದ್ದರೂ ಓದಿದ ತಂತ್ರಾಂಶದ ಕೈಗೆ ಸಿಗುವ ಘಟಕಗಳ ವಿವರಣೆಯನ್ನು, ಮೊದಲೇ ಬರೆದಿಡಬೇಕೇ?

ಪರ

ಬೇಕು, ಮೊದಲ ಪುಟ ಟೈಪ್ ಮಾಡುವ ಮುನ್ನವೇ ಬೇಕು. ಎಕ್ಸ್‌ಎಂಎಲ್ ಹುಟ್ಟಿದ್ದೇ ಹೀಗೆ. 1986ರ ಎಸ್‌ಜಿಎಂಎಲ್ ಎಂಬ ಭಾರಿ ಮಾನಕದಿಂದ ಬೇಡವಾದುದನ್ನು ಕಳಚಿ 1998ರಲ್ಲಿ ಅದನ್ನು ಹೊರತಂದರು. ಹೇಗೆ ಬರೆಯಬೇಕೆಂಬ ನಿಯಮ ಅದರಲ್ಲಿತ್ತು. ಓದಿದ ಮೇಲೆ ಕೈಗೆ ಸಿಗುವುದೇನು ಎಂದು ತಿಳಿಸಲು 2001ರಲ್ಲಿ ‘ಇನ್ಫೋಸೆಟ್’ ಬರಬೇಕಾಯಿತು. ದಾಖಲೆ, ಅಂಶ (ಹೆಸರಿಟ್ಟು ಗುರುತು ಹಾಕಿದ ಭಾಗ), ಗುಣಲಕ್ಷಣ (ಆ ಭಾಗಕ್ಕೆ ಅಂಟಿಸಿದ ವಿವರ), ಅಕ್ಷರ ಮುಂತಾಗಿ ಅದರಲ್ಲಿ 11 ಬಗೆಯ ಘಟಕಗಳಿವೆ.

ಇದರ ಬೆಲೆ ನನಗೆ ತಿಳಿದದ್ದು ಒಂದು ಹೋಟೆಲಿನ ಜಾಹೀರಾತಿನಿಂದ. ಹೆಸರಿನ ನಡುವೆ ‘&’ ಇತ್ತು; ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆಗೆ ವಿಶೇಷ ಅರ್ಥವಿದೆ. ಒಬ್ಬರು ಹಾಗೆಯೇ ಟೈಪ್ ಮಾಡಿದರು, ಕಡತವೇ ತೆರೆಯಲಿಲ್ಲ. ಇನ್ನೊಬ್ಬರು ಅದಕ್ಕೆ ನಿಗದಿಯಾದ ಸಂಕೇತ ಬರೆದರು, ಮತ್ತೊಬ್ಬರು ಒಳಗಿದ್ದುದನ್ನು ಬರೀ ಅಕ್ಷರವೆಂದೇ ಓದಿಸುವ ಸಿಡೇಟಾ ಆವರಣದೊಳಗೆ ಇಟ್ಟರು. ಮಾದರಿಯ ದೃಷ್ಟಿಯಲ್ಲಿ ಈ ಎರಡೂ ಒಂದೇ ಅಕ್ಷರ. ಅಷ್ಟನ್ನು ಬರೆದಿಟ್ಟಿದ್ದರೆ ಕರಡು ತಿದ್ದುವವರ ಒಂದು ಇಡೀ ಭಾನುವಾರ ಉಳಿಯುತ್ತಿತ್ತು.

ದಾಖಲೆಯ ರಚನೆಯ ನಿಯಮಗಳನ್ನೂ ಸಂಕ್ಷಿಪ್ತ ಹೆಸರುಗಳನ್ನೂ ಘೋಷಿಸುವ ಡಿಟಿಡಿಯಂತೂ ನಮಗೆ ಬೇಡವೇ ಬೇಡ. ಅದರಲ್ಲಿ ಒಂದು ಹೆಸರಿನೊಳಗೆ ಹತ್ತು, ಆ ಹತ್ತರೊಳಗೆ ಮತ್ತೆ ಹತ್ತತ್ತು ಎಂದು ಹೆಣೆದರೆ ಕೆಲವೇ ಸಾಲು ಉಬ್ಬಿ ಗಣಕವನ್ನು ಕೆಡವಬಲ್ಲದು. ಜೇಮ್ಸ್ ಕ್ಲಾರ್ಕ್ ಮತ್ತು ಜಾನ್ ಕೋವನ್ ರೂಪಿಸಿದ ಮೈಕ್ರೋಎಕ್ಸ್‌ಎಂಎಲ್ ಎಂಬ ಕಿರಿದಾದ ರೂಪದಲ್ಲಿ ಡಿಟಿಡಿ ಇಲ್ಲ. ಅಂಶವೆಂದರೆ ಒಂದು ಹೆಸರು, ಅದರ ಗುಣಲಕ್ಷಣಗಳು, ಒಳಗಿನ ವಿಷಯ, ಅಷ್ಟೇ. ನಮ್ಮ ಗುಂಪಿನ ನಿವೃತ್ತ ಮೇಷ್ಟರಿಗೆ ಇದನ್ನು ಒಂದು ಲೋಟ ಚಹಾ ಮುಗಿಯುವುದರೊಳಗೆ ವಿವರಿಸಬಹುದು.

ವಿರೋಧ

ಬಟ್ಟೆ ಅಳೆಯದೆ ಕತ್ತರಿ ಹಿಡಿಯುವುದು ಬೇಡ. ನಮ್ಮ ಕೈಯಲ್ಲಿರುವುದು ಮುಂಬಯಿಯ ಪುಟ. ಕನ್ನಡ ಪ್ರಬಂಧದ ನಡುವೆ ಕನ್ನಡ ಲಿಪಿಯಲ್ಲೇ ಒಂದು ಕೊಂಕಣಿ ಗಾದೆ, ಕೆಳಗೆ ದೇವನಾಗರಿಯಲ್ಲಿ ಮರಾಠಿ ಅಭಂಗ. ಅಭಂಗವನ್ನು ಲಿಪಿಯಿಂದ ಬೇರ್ಪಡಿಸಬಹುದು; ಗಾದೆಯನ್ನು ತಂತ್ರಾಂಶ ಹೇಗೆ ಗುರುತಿಸೀತು? ಅದಕ್ಕೆಂದೇ ‘ಎಕ್ಸ್‌ಎಂಎಲ್:ಲ್ಯಾಂಗ್’ ಎಂಬ ಗುಣಲಕ್ಷಣವಿದೆ. ಸರಳಗೊಳಿಸುವ ಹುಮ್ಮಸ್ಸಿನಲ್ಲಿ ಹೆಸರುಗಳಿಂದ ಆ ಕೋಲನ್ ತೆಗೆದರೆ ಇದೂ ಹೋಗುತ್ತದೆ. ಬದಲಿಗೆ ನಾವೇ ಒಂದು ‘ಭಾಷೆ’ ಗುಣಲಕ್ಷಣ ಹುಟ್ಟುಹಾಕಬೇಕು. ಅದರ ಅರ್ಥ ನಮ್ಮ ಗುಂಪಿನಾಚೆ ಯಾವ ತಂತ್ರಾಂಶಕ್ಕೂ ತಿಳಿಯದು.

ಮಾದರಿ ಬರೆದರೆ ಗೊಂದಲ ತೀರುತ್ತದೆ ಎಂಬುದನ್ನೂ ನಾನು ಒಪ್ಪುವುದಿಲ್ಲ. ‘ದೋಸೆ’ಯ ‘ದೋ’ವಿನ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಹ್ರಸ್ವದ ಚಿಹ್ನೆಯ ಮುಂದೆ ದೀರ್ಘದ ಗುರುತನ್ನು ಬೇರೆಯಾಗಿ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇನ್ಫೋಸೆಟ್ ಮಾತ್ರ ಅವನ್ನು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಏಕರೂಪಕ್ಕೆ ತರುವ ಕೆಲಸವನ್ನು ನಾವೇ ಮಾಡದಿದ್ದರೆ ಹುಡುಕಿದಾಗ ಅರ್ಧ ದೋಸೆಗಳು ಸಿಗುವುದೇ ಇಲ್ಲ.

ಡಿಟಿಡಿಯ ಅಪಾಯ ನಿಜ. ಅದನ್ನು ಓದುವ ತಂತ್ರಾಂಶದಲ್ಲೇ ತಡೆಯಬಹುದು, ಅದಕ್ಕಾಗಿ ಹೊಸ ಭಾಷೆ ಬೇಕಿಲ್ಲ. ಪದ್ಯದ ಸಾಲು, ಪುಟದ ಕೊನೆ, ಅಳಿಸಿಹೋದ ಅಕ್ಷರ, ಇವೆಲ್ಲಕ್ಕೂ 1987ರಲ್ಲಿ ಆರಂಭವಾದ, ಪಠ್ಯಗಳಿಗೆ ಗುರುತು ಹಾಕುವ ಮಾರ್ಗಸೂಚಿಯಾದ ಟಿಇಐಯಲ್ಲಿ ಗುರುತುಗಳಿವೆ. ಬೇಕಾದಷ್ಟನ್ನೇ ಆರಿಸಿಕೊಳ್ಳುವ ವಿಧಾನವೂ ಅದರಲ್ಲಿದೆ. ಮೊದಲು ಐವತ್ತು ಪುಟಗಳನ್ನು ಅದರಲ್ಲಿ ಗುರುತು ಹಾಕಿ ನೋಡೋಣ. ಕಳೆದ ವಾರ ಬಂದ ಸಂಚಿಕೆಯ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ನಾಟಕದ ಪಾತ್ರಧಾರಿಗಳ ಹೆಸರು ಬರೆದಿದ್ದಾರೆ. ಅಚ್ಚಿನಲ್ಲಿ ಆ ಹೆಸರುಗಳಿಲ್ಲ. ಮೊದಲೇ ಬರೆದಿಟ್ಟ ಮಾದರಿಯಲ್ಲಿ ಅವುಗಳಿಗೆ ಜಾಗ ಇರುತ್ತಿತ್ತೇ?